ಉಳಿದ ಲಗ್ನಪತ್ರಿಕೆಗಳು

ಐನೂರು ಅಚ್ಚು ಹಾಕಿಸಿದ್ದು. ಹಂಚಿದ ಮೇಲೆ
ಅರವತ್ತನಾಲ್ಕು ಉಳಿದವು.
ಸುಡಬಾರದು ಅಂದಳು ಅಮ್ಮ, ತುಳಿಯಬಾರದು ಅಂದರು ಅತ್ತೆ,
ತೂಕಕ್ಕೆ ಹಾಕಿ ಅನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.
ಕಠಾರಿಪಾಳ್ಯದ ಮಹಡಿ ಮೇಲಿನ ಒಂದೂವರೆ ಕೋಣೆಗೆ
ಅಕ್ಕಿ ಡಬ್ಬದ ಜೊತೆ ಅವೂ ಬಂದವು,
ನಾಲ್ಕು ಮೂಲೆಯಲ್ಲಿ ಅರಿಶಿನ ಕಾಣದವು.

ಹಿಂಬದಿ ಖಾಲಿ. ಒಳ್ಳೆ ದಪ್ಪ ಕಾಗದ.
ಚಲಪತಿ ಒಂದನ್ನು ಮಗುಚಿ ಬರೆದ:
ಛತ್ರದ ಬಾಕಿ. ಮಂಚ, ಬೀರು.
ವಾಷಿಂಗ್ ಮಷೀನು, ಇನ್ನೂ ಹದಿನಾಲ್ಕು ಕಂತು.
ಅಮ್ಮನ ಹೆಸರಲ್ಲಿ ಎತ್ತಿದ ಸಂಘದ ದುಡ್ಡು.
ಗಿರವಿ ಅಂಗಡಿಯಲ್ಲಿ ನನ್ನ ಎರಡೆಳೆ ಸರ, ಗ್ರಾಂ ಸಮೇತ.
ಕೂಡಿಸಿದ. ಮತ್ತೆ ಕೂಡಿಸಿದ, ಈ ಸಲ ಕೆಳಗಿನಿಂದ ಮೇಲಕ್ಕೆ,
ಹಾಗಾದರೂ ಕಡಿಮೆ ಬಂದೀತೇನೋ ಎಂದು.

ಹಗಲೆಲ್ಲ ಅವನು ಟೊಮೆಟೊ ಮಂಡಿಯಲ್ಲಿ ರೈಟರ್.
ಯಾರದೋ ಬಾಕ್ಸು, ಯಾರದೋ ರೇಟು, ಯಾರದೋ ಕಮಿಷನ್ನು;
ಒಂದು ಬೆಳಗಿನ ಹರಾಜಿಗೆ ಅವನ ಪೆನ್ನಿನಡಿ ಹರಿದ ದುಡ್ಡು
ನಮ್ಮ ಸಾಲವನ್ನು ಮೂರು ಸಲ ತೀರಿಸುತ್ತಿತ್ತು.
ಶರ್ಟಿನ ಜೇಬಿಗೆ ಬಂದದ್ದು ಹಣ್ಣಿನ ಕಲೆ.
ನನಗೆ ನರಸಾಪುರದಲ್ಲಿ ರಾತ್ರಿ ಶಿಫ್ಟು.
ಅವನು ಇಳಿಯುವಾಗ ನಾನು ಹತ್ತುತ್ತ,
ನಾನು ಇಳಿಯುವಾಗ ಅವನು ಹತ್ತುತ್ತ,
ಮೆಟ್ಟಿಲ ಮೇಲೆ ಕೈ ಬದಲಾಯಿಸುತ್ತಿದ್ದದ್ದು
ಒಂದೇ ಒಂದು ಬೀಗದ ಕೈ.

ಅಣ್ಣ ಬಂದ. ಮಂಚದ ಅಂಚಿಗೆ ಕೂತು,
"ಇದರದ್ದು ನಾನು ಕಟ್ಟಿಬಿಡ್ತೀನಿ ಬಿಡಮ್ಮ" ಅಂದ.
ಮಾವ ಫೋನಿನಲ್ಲಿ ಸೀಮೆ ಹಸುವಿನ ರೇಟು ಹೇಳಿದರು.
ಬೇಡ ಅಂದೆವು. ದೊಡ್ಡಸ್ತಿಕೆಯೇನಲ್ಲ.
ಅಣ್ಣನ ದುಡ್ಡಿನ ಮಂಚದ ಮೇಲೆ ಕೂತು
ಗಂಡನ ಜೊತೆ ಜಗಳವಾಡುವುದು ಹೇಗೆ?
"ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿದ್ದೂ ನಾವೇ;
ಬಂದವರೆಲ್ಲ ಓದಿದ್ದರು. ಪಾಲಿಸಿದ್ದರು.

ತಿಂಗಳಿಗೊಂದು ಕಾರ್ಡು.
ಒಂಬತ್ತನೆಯದು ಬರೆಯುವ ಭಾನುವಾರ
ನಡುವೆ ಬೋಗುಣಿ, ನೆನೆಸಿದ ಅವರೆಕಾಳು,
ಹಿತುಕಿದರೆ ಎಲ್ಲೆಲ್ಲೋ ಹಾರುವ ಬೇಳೆ.
ಒಂದು ಬಿಟ್ಟುಹೋಗಿದೆ, ಅಂದೆ.
ಏನು?
ತಂಗಿಯ ನರ್ಸಿಂಗ್ ಫೀಸಿಗೆ, ಲೈನಿನಲ್ಲಿ ನನ್ನ ಪಕ್ಕ ನಿಲ್ಲುವ
ಮುಳಬಾಗಿಲ ಹುಡುಗಿಯ ಹತ್ತಿರ. ಹನ್ನೆರಡು ಸಾವಿರ.
ಯಾವಾಗ?
ಆಷಾಢದಲ್ಲಿ.

ಅವನ ಬೆರಳು ನಿಂತವು.
ಕೆಳಗೆ ಯಾರೋ ಬೈಕು ಒದೆಯುತ್ತಿದ್ದರು, ಸ್ಟಾರ್ಟಾಗುತ್ತಿರಲಿಲ್ಲ.
ಕಿಟಕಿಯಲ್ಲಿ ಅಂತರಗಂಗೆ ಬೆಟ್ಟ, ಬಂಡೆಗೆ ಬಂಡೆ ಒರಗಿ.
ನಾನು ನಾಲ್ಕು ಉತ್ತರ ಹೊಂದಿಸಿಟ್ಟುಕೊಂಡಿದ್ದೆ,
ಐದನೆಯದು ಅಳು.
ಅವನು ಕೈಯನ್ನು ಲುಂಗಿಗೆ ಒರೆಸಿದ, ಪೆನ್ನು ತೆಗೆದ,
ಹೆಸರೇನು ಅಂದ.
ಜ್ಯೋತ್ಸ್ನ.
ಬರೆದ. ಹೊಡೆದುಹಾಕಿದ. ಮತ್ತೆ ಬರೆದ.
"ತಗೆ ಸ ಒತ್ತೋ, ಸಗೆ ತ ಒತ್ತೋ?
ಸರಿಯಾಗಿ ಹೇಳು ಶ್ಯಾಮಲ,
ಕೊಟ್ಟವರ ಹೆಸರು ತಪ್ಪು ಬರೀಬಾರದು."

ಆಮೇಲೆ ತಲೆಯೆತ್ತದೆ ತನ್ನದೂ ಒಂದು ಸೇರಿಸಿದ:
ಬ್ಯಾಂಡ್‌ಸೆಟ್ಟಿನವರು, ಎರಡೂವರೆ ಸಾವಿರ.
"ಡೂಂ ಲೈಟ್ ಸರ್ಕಲ್ ಹತ್ತಿರ ಅವರ ಅಂಗಡಿ.
ಅದಕ್ಕೇ ನಾನು ದಿನಾ ಸುತ್ತಿಕೊಂಡು ಬರೋದು."
ನಕ್ಕೆವೋ ಇಲ್ಲವೋ ನೆನಪಿಲ್ಲ.
ಸಾರಿಗೆ ಇಬ್ಬರೂ ಉಪ್ಪು ಹಾಕಿದ್ದೆವು.

ಇದು ಇಪ್ಪತ್ತೊಂದನೆಯದು.
ವಾಷಿಂಗ್ ಮಷೀನು ಪೂರ್ತಿ ನಮ್ಮದಾಯಿತು, ಆದ ತಿಂಗಳೇ ಕೆಟ್ಟಿತು.
ಜ್ಯೋತ್ಸ್ನಳ ಹೆಸರಿನ ಮೇಲೆ ಗೀಟು ಬಿದ್ದಿದೆ, ಹಗುರಾಗಿ, ಓದಲು ಬರುವಂತೆ.
ಸರ ಮಾತ್ರ ಪ್ರತಿ ಕಾರ್ಡಿನಲ್ಲೂ ಅದೇ ಜಾಗದಲ್ಲಿದೆ,
ಬಡ್ಡಿ ತಿಂದುಕೊಂಡು ಬೆಳೆಯುತ್ತ.
ಮಗುಚಿದರೆ ಎಲ್ಲದರಲ್ಲೂ ಅದೇ ಗಣಪತಿ, ಅದೇ ಒಂಬತ್ತೂಕಾಲರ ಮುಹೂರ್ತ,
ನಾವಿಬ್ಬರೂ ಇನ್ನೂ ಛತ್ರಕ್ಕೆ ಹೊರಟೇ ಇಲ್ಲವೆಂಬಂತೆ.

ಬ್ಯಾಂಡಿನವರದು ಹೋದ ವಾರ ತೀರಿತು.
ಈಗ ಚಲಪತಿ ಸರ್ಕಲ್ ದಾಟಿಯೇ ಬರುತ್ತಾನೆ,
ಕೆಲಸವಿರಲಿ ಬಿಡಲಿ,
ಆ ಅಂಗಡಿ ಮುಂದೆ ಒಮ್ಮೆ ನಿಧಾನವಾಗಿ.